ನೀಲವ್ವನ ಪರಕೋಶಗಳು

ಶೋಧಕ ಯಂತ್ರ ಸಣ್ಣಗೆ ಸದ್ದು ಮಾಡುತ್ತ ನೀಲವ್ವನ ತೋಳಿನಿಂದ ರಕ್ತ ಎಳೆದುಕೊಳ್ಳುತ್ತಿತ್ತು. ದೇಹದ ಕಾವಲು ಕಾಯುವ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಈ ಮೈಗೆ ಸೇರಿದ್ದು ಯಾವುದು, ಸೇರದ್ದು ಯಾವುದು ಎಂದು ಅವಕ್ಕೆ ಕಲಿಸುವುದು ಅದರ ಕೆಲಸ. ಕಲಿತ ಕೋಶಗಳನ್ನು ಮರಳಿ ಮೈಗೆ ಸೇರಿಸಿದರೆ, ಕ್ಯಾನ್ಸರ್ ಎಲ್ಲಿ ಅಡಗಿದ್ದರೂ ಹುಡುಕಿ ಕೊಲ್ಲುತ್ತಿದ್ದವು. ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ಯಂತ್ರವನ್ನು ರೂಪಿಸಿದವರು ಡಾಕ್ಟರ್ ವಾರಿಜಾ ಕಟ್ಟಿ. ಅವರ ಆಯುಷ್ಯದ ಬಹುಭಾಗ ಅದರಲ್ಲೇ ಕಳೆದಿತ್ತು. ಸಂಜೆ ಬಾಗಿಲು ತೆರೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಯಂತ್ರ ಅರ್ಧಕ್ಕೇ ನಿಂತಿತು. ರಕ್ತದಲ್ಲಿ ಇನ್ನೊಬ್ಬರ ಕೋಶಗಳಿವೆ ಎಂದು ಪರದೆ ತೋರಿಸಿತು. ಹಿಂದಿನ ರೋಗಿಯ ರಕ್ತ ಯಂತ್ರದಲ್ಲಿ ಉಳಿದಿರಬೇಕೆಂದು ವಾರಿಜಾ ಅದನ್ನು ತೊಳೆದು ಮತ್ತೆ ಪರೀಕ್ಷಿಸಿದರು. ಅದೇ ಉತ್ತರ ಬಂತು. ಆ ಪರಕೋಶಗಳು ಗಂಡಿನವು.

"ನೀಲವ್ವಾರ, ನಿಮಗ ಯಾವಾಗರೆ ಬ್ಯಾರೆಯವರ ರಕ್ತ ಏರಿಸಿದ್ರೇನು?"

"ಇಲ್ರಿ ಬಾಯಾರ."

"ಮಕ್ಕಳು?"

ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ನಡೆಸಿಕೊಂಡು ಒಂಟಿಯಾಗಿ ಬಾಳಿದ್ದ ನೀಲವ್ವ ಸೂಜಿ ಚುಚ್ಚಿದ ತೋಳನ್ನು ನೋಡಿಕೊಂಡಳು. "ಒಂದು ಗಂಡು ಕೂಸು ಆಗಿತ್ರಿ. ತೊಟ್ಟಿಲಿಗೆ ಹಾಕೂದ್ರೊಳಗ ಹೋತು."

ಬಸಿರಿನಲ್ಲಿ ಮಗುವಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ದಾಟಿ, ಎಲುಬಿನ ಮಜ್ಜೆಯಲ್ಲಿ ದಶಕಗಳ ಕಾಲ ಬದುಕಿರಬಲ್ಲವು. ವಾರಿಜಾ ಅದನ್ನು ಬಿಡಿಸಿ ಹೇಳಿದರು.

"ಅಂದ್ರ ಅವ ಇನ್ನೂ ಅದಾನ್ರಿ?"

"ಅವನಲ್ಲ. ಅವನ ಕೋಶ, ಒಂದಿಷ್ಟು."

ನೀಲವ್ವ ತೋಳನ್ನು ಎದೆಗೆ ಒತ್ತಿಕೊಂಡಳು. "ಅವ ಹುಟ್ಟಿದ್ದ ಅನ್ನೂದು ನನ್ನ ಬಿಟ್ಟರ ಈಗ ಯಾರಿಗೂ ಗೊತ್ತಿಲ್ರಿ. ಈ ಮದ್ದು ಕೊಟ್ರ ಅವಕ್ಕೇನಾಗತೈತಿ?"

"ಸಾಯ್ತಾವ. ಅವನ್ನ ಬಿಟ್ಟುಬಿಡ್ರಿ ಅಂತ ಟಿ ಕೋಶಕ್ಕ ಕಲಿಸಬಹುದು. ಆದ್ರ ಪಾಠ ಸಡಿಲ ಆಗತೈತಿ. ಕ್ಯಾನ್ಸರ್ ಗಡ್ಡಿ ಒಂದೀಟು ಉಳಕೊಂಡರೂ ಉಳೀಬಹುದು. ಜೀವದ ಪ್ರಶ್ನೆ ಇದು, ನೀಲವ್ವಾರ."

"ಸಡಿಲ ಆಗ್ಲಿ ಬಿಡ್ರಿ. ಆವಾಗ ಉಳಿಸ್ಕೊಳ್ಳಾಕ ಆಗಲಿಲ್ಲ."

ವಾರಿಜಾ ಮೂರು ಸಲ ಬೇರೆ ಬೇರೆ ರೀತಿಯಲ್ಲಿ ವಾದಿಸಿ ಸೋತರು. ಆಕೆ ಹೇಳಿದಂತೆಯೇ ಚಿಕಿತ್ಸೆ ನಡೆಯಿತು. ಗಡ್ಡೆ ಕರಗಿತಾದರೂ ಕಾಳಿನಷ್ಟು ಉಳಿಯಿತು. ಬದುಕಿರುವವರೆಗೂ ಆಗಾಗ ಬಂದು ತೋರಿಸಬೇಕೆಂದಾಗ ನೀಲವ್ವ ತಕರಾರಿಲ್ಲದೆ ಒಪ್ಪಿಕೊಂಡಳು.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಪ್ರಯೋಗಾಲಯದ ಬೆಂಚಿನ ಮೇಲೆ ರೋಗವೇ ಇಲ್ಲದ ಹೆಂಗಸರು ಬಂದು ಕೂರತೊಡಗಿದರು. "ನನ್ನೊಳಗೂ ಯಾರರೆ ಅದಾರೇನು ನೋಡ್ರಿ" ಎಂಬುದಷ್ಟೇ ಅವರ ಕೇಳಿಕೆ. ಕ್ಯಾನ್ಸರ್ ಹುಡುಕಲೆಂದು ಕಟ್ಟಿದ ಯಂತ್ರದ ಮುಂದೆ ಅವರು ಸೆರಗು ಸರಿಪಡಿಸಿಕೊಂಡು, ಬೀಗರ ಮನೆಗೆ ಬಂದವರಂತೆ ಕಾಯುತ್ತಿದ್ದರು. ವಾರಿಜಾ ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ.

ಒಂದು ಮಧ್ಯಾಹ್ನ ಬೆಂಚು ಖಾಲಿಯಾದಾಗ ವಾರಿಜಾ ತಮ್ಮ ತೋಳನ್ನೇ ಯಂತ್ರಕ್ಕೆ ಒಡ್ಡಿದರು. ಮಗುವಿನಿಂದ ತಾಯಿಗೆ ಹೋದಂತೆ ತಾಯಿಯಿಂದ ಮಗುವಿಗೂ ಕೋಶಗಳು ಬರುತ್ತವೆ. ಅವರ ತಾಯಿ ತೀರಿಕೊಂಡಾಗ ಅವರಿಗಿನ್ನೂ ಮಾತು ಬಂದಿರಲಿಲ್ಲ. ಮುಖದ ನೆನಪೂ ಇಲ್ಲ.

ಯಂತ್ರ ಬಹಳ ಹೊತ್ತು ಹುಡುಕಿತು. ಪರಕೋಶಗಳಿಲ್ಲ, ಎಲ್ಲವೂ ನಿಮ್ಮವೇ ಎಂದಿತು.

ವಾರಿಜಾ ಅದನ್ನು ಇನ್ನೊಮ್ಮೆ ಹುಡುಕಲು ಹೇಳಿ, ತೋಳು ಚಾಚಿಕೊಂಡೇ ಕುಳಿತರು.