ಮೇಯರ್ ಉಂಡ ಮನೆ

"ಆ ಹಂದಿ ತಲೆ ಮುಟ್ಟಬೇಡಿ! ವಾಪಸ್ ತಗೊಂಡು ಹೋಗ್ತೀನಿ!"

ಚಿತ್ರತಂಡ ಬೆಚ್ಚಿಬಿತ್ತು. ಮುಹೂರ್ತದ ಪೂಜೆಗೆ ಬೇಯಿಸಿ ತಂದಿದ್ದ ಹಂದಿ ತಲೆಯನ್ನು ತಂದವಳೇ ಮೇಜಿನಿಂದ ಎತ್ತಿಕೊಂಡಿದ್ದಳು! ಅದಕ್ಕೆ ನಮಸ್ಕರಿಸದೆ ಹೇಪೊ ಬಂದರಿನಲ್ಲಿ ಯಾರೂ ಕ್ಯಾಮೆರಾ ಚಾಲೂ ಮಾಡುವುದಿಲ್ಲ.

"ಏನಾಯ್ತು ಹೇರಿಮ್ ಅವ್ರೇ?" ಸಿಯೋಲ್‌ನಿಂದ ಬಂದಿದ್ದ ನಿರ್ದೇಶಕ ಇನ್ಹೋ ಓಡಿಬಂದ.

ಅವಳು ಗೋಡೆಯ ಪೋಸ್ಟರ್ ತೋರಿಸಿದಳು. "ಮೇಯರ್ ಪ್ಯೋ ಬಾಲ್ಯದ ಕುರಿತ ಕಿರುಚಿತ್ರವಂತೆ! ನಮ್ಮ ಓಣಿ ನೆಲಸಮ ಮಾಡಿದವನನ್ನ ಪಾಪದ ಹುಡುಗ ಅಂತ ತೋರಿಸ್ತೀರಾ? ಮೂರು ತಿಂಗಳು ನಮ್ಮ ಊಟದಂಗಡೀಲಿ ಕೂತು ಬರೆದಿದ್ದು ಇದನ್ನಾ? ನಾಚಿಕೆ ಆಗಲ್ವಾ ನಿಮಗೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಅವನ ಬಟ್ಟಲಿಗೆ ದಿನವೂ ಎರಡು ತುಂಡು ಮಾಂಸ ಹೆಚ್ಚು ಹಾಕುತ್ತಿದ್ದೆನಲ್ಲ! ಅವನು ತಡಮಾಡಿದರೆ ಬಾಗಿಲನ್ನೇ ನೋಡುತ್ತಿದ್ದೆನಲ್ಲ! ಇನ್ನು ಅಪ್ಪನ ಮುಖ ಹೇಗೆ ನೋಡಲಿ? ಅವನನ್ನು ಮರೆಯಲೇಬೇಕು... ಆದರೆ ಹೇಗೆ?

ಅಂಗಡಿಯಲ್ಲಿ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದ ಅಪ್ಪ ಕತ್ತೆತ್ತಿದರು.

"ಪೂಜೆ ತಲೆ ಯಾಕಮ್ಮ ವಾಪಸ್ಸು?"

ಅವಳು ಎಲ್ಲ ಹೇಳಿದಳು. ಅಪ್ಪ ಚಾಕು ಕೆಳಗಿಟ್ಟರು.

"ಆ ಕಥೆ ಅವನಿಗೆ ಹೇಳಿದ್ದೇ ನಾನು."

"ಅಪ್ಪಾ!"

"ಚಿಕ್ಕವನಿದ್ದಾಗ ಪ್ಯೋ ನಮ್ಮನೇಲೇ ಉಣ್ತಿದ್ದ. ನಿನ್ನಜ್ಜಿ ನನಗಿಂತ ಮೊದ್ಲು ಅವನಿಗೇ ಬಡಿಸ್ತಿದ್ಲು. ಆ ಮನೇನೇ ಅವನು ಕೆಡವ್ಸಿದ್ದು. ಬೇರೆ ಯಾರೋ ಕೆಡವ್ಸಿದ್ರೆ ಇಷ್ಟು ನೋಯ್ತಿರ್ಲಿಲ್ಲ ಕಣೆ... ಜನಕ್ಕೂ ಗೊತ್ತಾಗ್ಲಿ ಅಂದೆ. ಚಿತ್ರ ನಿನ್ನಜ್ಜಿ ಬಡಿಸೋದ್ರಿಂದ ಶುರುವಾಗಿ, ಆ ಮನೆ ಬೀಳೋದ್ರಲ್ಲಿ ಮುಗಿಯುತ್ತೆ."

ಹೇರಿಮ್‌ಗೆ ಅಳು ಉಕ್ಕಿಬಂತು. ಅಯ್ಯೋ, ಎಲ್ಲರೆದುರು ಎಂಥಾ ಮಾತಾಡಿಬಿಟ್ಟೆ! ತಿರುಗಿದರೆ ಬಾಗಿಲಲ್ಲಿ ಏದುಸಿರು ಬಿಡುತ್ತಾ ಇನ್ಹೋ ನಿಂತಿದ್ದ.

"ಮುಂಚೇನೇ ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು.

"ಪ್ಯೋ ಹೆಸರೆತ್ತಿದ್ರೆ ನೀವು ನನ್ನನ್ನ ಅಂಗಡಿ ಒಳಗೇ ಬಿಡಲ್ಲ ಅಂತ ಭಯ..."

"ಬಿಡದಿದ್ರೆ ಏನೀಗ? ಊರಲ್ಲಿ ಬೇರೆ ಅಂಗಡಿ ಇಲ್ವಾ?"

"ಇವೆ. ಅಲ್ಲಿ ನೀವಿರಲ್ವಲ್ಲ! ಹೇರಿಮ್... ನಿಮ್ಮನ್ನ ಪ್ರೀತಿಸ್ತೀನಿ."

ಅಪ್ಪ ಸುಮ್ಮಸುಮ್ಮನೆ ಕೆಮ್ಮುತ್ತಾ ಒಳಗೆ ಹೋದರು.

ಅವಳ ಕೆನ್ನೆ ಕೆಂಪಾಯಿತು. ಮೆಲ್ಲಗೆ ಹತ್ತಿರ ಬಂದು ಅವನ ತೋಳು ಹಿಡಿದಳು.

"ಇನ್ಮೇಲೆ ನನ್ನಿಂದ ಏನೂ ಮುಚ್ಚಿಡ್ಬೇಡ ನೀನು."

"ನಿನಗೆ ಕೋಪ ಬಂದ್ರೆ?"

"ಬರುತ್ತೆ. ಚೆನ್ನಾಗಿ ಬೈತೀನಿ. ಆದ್ರೆ ಬಿಟ್ಟು ಹೋಗಲ್ಲ ಕಣೋ..."