ಭಾನು ಮಾಮಿಯ ಗ್ಯಾಸ್ ಹೀಟರ್

"ಆ ಪಾರ್ಟ್ ನಂದು. ಫೋನಲ್ಲಿ ಹೇಳಿ ಇಡಿಸಿದ್ದೇನೆ."

ದೀಕ್ಷಿತಾಳ ಧ್ವನಿಗೆ ಕೌಂಟರಿನ ಮುಂದಿದ್ದ ಯುವಕ ತಿರುಗಿ ನೋಡಿದ. ಅವಳು ವಾರಗಟ್ಟಲೆ ಹುಡುಕಿದ್ದು ಅವನ ಅಂಗೈಯಲ್ಲಿತ್ತು... ತೆಳ್ಳಗಿನ ತಾಮ್ರದ ಕಡ್ಡಿ, ಥರ್ಮೋಕಪಲ್. ಅದು ಕೆಟ್ಟರೆ ಗೋಡೆಯ ಗ್ಯಾಸ್ ಹೀಟರಿನಲ್ಲಿ ಹಚ್ಚಿದ ಉರಿ ಆರಿಹೋಗುತ್ತದೆ.

"ಬಿಲ್ ಆಯ್ತಲ್ಲ ಮೇಡಂ," ಎಂದ ಅವನು. "ನನಗೂ ಅರ್ಜೆಂಟ್ ಉಂಟು."

ಹೀಟರಿನವರು ಬರುತ್ತಾರೆ ಎಂದಷ್ಟೇ ಫೋನಿನಲ್ಲಿ ಕೇಳಿಸಿತ್ತು, ಇವರೇ ಅಂದುಕೊಂಡೆ ಎಂದು ಅಂಗಡಿಯ ಮೊಯ್ದಿನ್ ಕುಂಞಿ ಕೈಚೆಲ್ಲಿದ. ಇನ್ನೊಂದು? ಮಾಫಿ, ಇಲ್ಲವೇ ಇಲ್ಲ. ಇದ್ದದ್ದು ಅದೊಂದೇ.

ಇಂಡಸ್ಟ್ರಿಯಲ್ ಏರಿಯಾದ ಧೂಳಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವಳಿಗೆ ಅಳುವೇ ಬಂತು. ಆ ಮಾಡೆಲ್ ನಿಲ್ಲಿಸಿ ಎಷ್ಟೋ ವರ್ಷವಾಗಿದೆ ಎಂದು ಕಂಪನಿ ಬರೆದಿತ್ತು. ಶಾರ್ಜಾದ ಡೀಲರ್ ಯಾವುದೋ ಗೀಸರಿನ ಫೋಟೋ ಕಳಿಸಿದ್ದ. ದೋಹಾದಲ್ಲಿ ಹೀಟರ್ ಯಾಕೆ ಎಂದು ನಕ್ಕವರೇ ಹೆಚ್ಚು.

ನಗುವವರಿಗೆ ಏನು ಗೊತ್ತು? ಭಾನುಮತಿ ಅವಳ ತಂದೆಯ ತಂಗಿ, ಅವಳನ್ನು ಸಾಕಿ ಓದಿಸಿದ ಮಾಮಿ. ಗಂಟುವಾತದ ಅವರ ಬೆರಳುಗಳು ಜನವರಿಯ ಗಾಳಿಗೆ ಮಡಚುತ್ತಲೇ ಇರಲಿಲ್ಲ. ಅನ್ನವನ್ನೂ ದೀಕ್ಷಿತಾಳೇ ತಿನ್ನಿಸಬೇಕಾಗಿತ್ತು. ಅವರು ಬಾಡಿಗೆಗಿದ್ದ ಅಲ್ ಹಿಲಾಲ್ ಬಡಾವಣೆಯ ಹಳೇ ವಿಲ್ಲಾದಲ್ಲಿ ಕರೆಂಟಿನ ಹೀಟರ್ ಹಾಕಿದರೆ ಫ್ಯೂಸ್ ಹೋಗಿ ಇಡೀ ಮನೆ ಕತ್ತಲಾಗುತ್ತಿತ್ತು. ಮಾಮಿಯ ತೀರಿಹೋದ ಗಂಡ, ಮಾಮ ಮುದ್ದುಕೃಷ್ಣ ತಾವೇ ನಿಂತು ಕೂರಿಸಿದ್ದ ಗ್ಯಾಸ್ ಹೀಟರ್ ಒಂದೇ ಆಸರೆ.

ಬರಿಗೈಯಲ್ಲಿ ಮನೆಯ ಬಾಗಿಲು ತೆರೆದವಳು ಹಾಗೆಯೇ ನಿಂತಳು.

ಅದೇ ಯುವಕ ಮಾಮಿಯ ಕೋಣೆಯಲ್ಲಿ, ಹೀಟರಿನ ಮುಂದೆ ಮಂಡಿಯೂರಿ ಕೂತಿದ್ದ!

ಮಾಮಿ ಸಂಕೋಚದಿಂದ ವಿವರಿಸಿದರು. ಇವನು ಸುಶಾಂತ್, ಮಾಮನ ಹಳೇ ಗೆಳೆಯರ ಮಗ, ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಎಂಜಿನಿಯರ್. ದೀಕ್ಷಿತಾ ಕೆಲಸ ಮುಗಿಸಿ ಬಂದು ಅಂಗಡಿ ಅಂಗಡಿ ಅಲೆಯುವುದು ನೋಡಲಾಗದೆ ತಾವೇ ಗುಟ್ಟಾಗಿ ಫೋನ್ ಮಾಡಿದ್ದರಂತೆ.

'ಅಂಗಡಿಯಲ್ಲಿ ಎಷ್ಟು ಒರಟಾಗಿ ಮಾತಾಡಿಬಿಟ್ಟೆ...' ದೀಕ್ಷಿತಾ ತಲೆ ತಗ್ಗಿಸಿದಳು. ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. ಅವಳಿಗೂ ನಗು ಬಂತು.

ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹೊಸ ಪಾರ್ಟ್ ಕೂತಿತು, ಉರಿ ಆರದೆ ನಿಂತಿತು. ಮಾಮಿ ಕೈ ಚಾಚಿ ಕಾಯಿಸಿಕೊಳ್ಳಲು ಕೂತರು. ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡುತ್ತಿದ್ದ ಸುಶಾಂತ್ ಮಾತ್ರ ತಟ್ಟನೆ ಗ್ಯಾಸ್ ನಿಲ್ಲಿಸಿದ.

"ಖಲಾಸ್. ಇದನ್ನಿನ್ನು ಹಚ್ಚಬಾರದು. ಸುಟ್ಟ ಗ್ಯಾಸನ್ನು ಹೊರಗೆ ಹಾಕುವ ಹಿಂದಿನ ಪೆಟ್ಟಿಗೆ ಸೀಳಿದೆ."

ಅದರ ಪಾರ್ಟ್ ತರಿಸಿ ಎಂದಳು ದೀಕ್ಷಿತಾ. ಹುಡುಕುತ್ತೇನೆ, ಆದರೆ ಸಿಗುವುದು ಕಷ್ಟ ಎಂದ ಅವನು. ಅಷ್ಟೂ ದಿನದ ಹತಾಶೆ ಅವಳ ಬಾಯಿಗೆ ಬಂತು.

"ನಿಮ್ಮ ಕೈಲಿ ಆಗುವುದಿಲ್ಲ ಅಂತ ನೇರ ಹೇಳಿ. ಚೆನ್ನಾಗಿಯೇ ಉರಿಯುತ್ತಿತ್ತಲ್ಲ."

ಅವನ ಹುಬ್ಬು ಗಂಟಿಕ್ಕಿತು. ಹೀಟರಿನ ನಾಬನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟೇಹೋದ.

ಅವಳು ಮತ್ತೆ ಮತ್ತೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ, ಮೆಸೇಜಿಗೂ ಉತ್ತರವಿಲ್ಲ. 'ಎಂಥ ಅಹಂಕಾರ! ಮಾಮಿ ಚಳಿಯಲ್ಲಿ ನರಳಿದರೆ ಇವನಿಗೇನು...' ಹಾಗೆ ಅಂದುಕೊಂಡರೂ ಪ್ರತಿ ಸಲ ಫೋನ್ ಸದ್ದಾದಾಗ ಅವನೇ ಇರಬಹುದೆಂದು ಓಡುತ್ತಿದ್ದಳು. ಅದೂ ಅವಳ ಸಿಟ್ಟನ್ನೇ ಹೆಚ್ಚಿಸಿತು.

ಶುಕ್ರವಾರ ಬೆಳಿಗ್ಗೆ ಮಾಮಿಯ ಕೈಯಿಂದ ಚಹಾದ ಲೋಟ ಜಾರಿ ಬಿತ್ತು. ಅವರು ಸದ್ದಿಲ್ಲದೆ ಅತ್ತರು. ದೀಕ್ಷಿತಾಳಿಗೆ ತಡೆಯಲಾಗಲಿಲ್ಲ. ಇಕ್ಕಳ ತಂದು, ನಾಬ್ ಇದ್ದ ಜಾಗದ ಕಡ್ಡಿಯನ್ನು ತಿರುಗಿಸಿ, ಹೀಟರ್ ಹಚ್ಚಿಯೇಬಿಟ್ಟಳು. ಗಾಳಿ ಬಾರದಿರಲಿ ಎಂದು ಕಿಟಕಿಯನ್ನೂ ಮುಚ್ಚಿ ಅಡುಗೆಗೆ ಹೋದಳು.

ಗಂಜಿ ತಂದಾಗ ಮಾಮಿ ಗೋಡೆಗೊರಗಿದ್ದರು. ಕರೆದರೆ ಓಗೊಡಲಿಲ್ಲ.

ತಟ್ಟೆ ಕೈಬಿಟ್ಟು ಓಡಿ ಗ್ಯಾಸ್ ನಿಲ್ಲಿಸಿದಳು. ಮಾಮಿಯನ್ನು ತಬ್ಬಿ ಎಳೆದುಕೊಂಡೇ ಅಂಗಳಕ್ಕೆ ತಂದು ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಮಾಮಿ ಕಣ್ಣು ಬಿಟ್ಟು ಅವಳ ಹೆಸರು ಹಿಡಿದು ಕರೆದರು. ಹೀಟರಿನ ಸುಟ್ಟ ಗ್ಯಾಸ್ ಕೋಣೆ ತುಂಬಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ದೀಕ್ಷಿತಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಸುಶಾಂತನಿಗೆ ಒಂದೇ ಸಾಲು ಬರೆದಳು. ನೀವು ಹೇಳಿದ್ದು ಸರಿ ಇತ್ತು, ಮಾಮಿ ಆಸ್ಪತ್ರೆಯಲ್ಲಿದ್ದಾರೆ.

ಮಧ್ಯಾಹ್ನ ಅವನು ಬಂದ. ಮೈಮೇಲೆ ಇನ್ನೂ ಕೆಲಸದ ಬಟ್ಟೆ. ಪ್ಲಾಂಟಿನೊಳಗೆ ಫೋನ್ ಬಿಡುವುದಿಲ್ಲ, ರಿಪೇರಿಯ ಶಟ್‌ಡೌನ್ ಎಂದು ಅಷ್ಟೂ ದಿನ ಅಲ್ಲೇ ಉಳಿದಿದ್ದೆ, ಇವತ್ತು ಹೊರಬಂದು ಮೆಸೇಜ್ ನೋಡಿದವನೇ ಹೊರಟೆ ಎಂದ. ನೇರ ಒಳಗೆ ಹೋಗಿ ಮಾಮಿಯನ್ನು ಮಾತಾಡಿಸಿ ಬಂದು ಅವಳ ಪಕ್ಕ ಕೂತ.

ಈಗ ಬೈಯುತ್ತಾನೆ ಎಂದು ಅವಳು ಕಾದಳು.

"ತಪ್ಪು ನಂದೂ ಉಂಟು," ಎಂದ ಅವನು. "ಸಿಟ್ಟಿನಲ್ಲಿ ನಾಬ್ ಕಿತ್ತುಕೊಂಡು ಹೋದೆ. ಜೀವಕ್ಕೆ ಅಪಾಯ ಅಂತ ಕೂತು ಹೇಳ್ಬೇಕಿತ್ತು."

"ಹೇಳಿದ್ರೂ ನಾನು ಕೇಳ್ತಿರಲಿಲ್ಲ." ಅವಳ ಕಣ್ಣು ತುಂಬಿ ಬಂತು. "ಮಾಮಿಗೆ ಬೆಚ್ಚಗಾದ್ರೆ ಸಾಕು ಅಂತ... ನಾನೇ ಅವರನ್ನು..."

ಅವನು ಅವಳ ಕೈ ಮೇಲೆ ಕೈಯಿಟ್ಟ. ಅವಳು ಅಳುವಷ್ಟು ಹೊತ್ತೂ ತೆಗೆಯಲಿಲ್ಲ.

ಆಮೇಲೆ ಮೆಲ್ಲಗೆ ಹೇಳಿದ. ಆ ಪೆಟ್ಟಿಗೆಗಾಗಿ ರಾತ್ರಿ ಬಿಡುವಾದಾಗಲೆಲ್ಲ ಪ್ಲಾಂಟಿನ ಕಂಪ್ಯೂಟರಿನಿಂದ ಕಂಡ ಕಂಡ ಊರಿಗೆ ಮೇಲ್ ಹಾಕಿದ್ದನಂತೆ. ಎಲ್ಲೂ ಇಲ್ಲ, ಇನ್ನು ಸಿಗುವುದೂ ಇಲ್ಲ. ಬರುವ ದಾರಿಯಲ್ಲಿ ವಿಲ್ಲಾದ ಮಾಲೀಕರೊಂದಿಗೆ ಮಾತಾಡಿದ್ದ. ಮಾಮಿಯ ಕೋಣೆಗೆ ಬೇರೆಯೇ ಕರೆಂಟ್ ಲೈನ್ ಎಳೆಸಲು ಒಪ್ಪಿದ್ದಾರೆ. ಆಗ ಕರೆಂಟಿನ ಹೀಟರ್ ಧೈರ್ಯವಾಗಿ ಹಾಕಬಹುದು.

'ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ?' ಹಳೆಯದನ್ನೇ ಸರಿಮಾಡುವ ಹಟದಲ್ಲಿ ಅವಳು ಬೇರೇನನ್ನೂ ಯೋಚಿಸಿರಲಿಲ್ಲ.

"ಇಷ್ಟೆಲ್ಲ ಮಾಮಿಗೋಸ್ಕರವಾ?" ಕೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಸುಶಾಂತ್ ಅವಳ ಕಡೆ ತಿರುಗಿದ.

"ಶುರು ಮಾಡಿದ್ದು ಆಂಟಿಗೋಸ್ಕರ. ಆಮೇಲೆ... ನೀವು ನನ್ನ ಹತ್ರ ಸಿಟ್ಟಲ್ಲಿ ಇದ್ದೀರಿ ಅಂತ ನೆನೆದರೆ ಕೆಲಸದಲ್ಲಿ ಮನಸ್ಸೇ ನಿಲ್ತಿರಲಿಲ್ಲ. ನನಗೆ ನೀವಂದ್ರೆ ಇಷ್ಟ, ದೀಕ್ಷಿತಾ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ನಿದ್ದೆಯಿಲ್ಲದ ಆ ಮುಖ ತನ್ನದೇ ಎನ್ನಿಸುವಷ್ಟು ಹತ್ತಿರವಿತ್ತು.

"ನಾಳೆ ಮಾಮಿಯನ್ನು ಮನೆಗೆ ಕಳಿಸ್ತಾರೆ," ಎಂದಳು. "ಊಟಕ್ಕೆ ಬನ್ನಿ."

"ನಾಳೆ ಒಂದು ದಿನವಾ?"

ಅವಳು ಕೈಯನ್ನು ಅವನ ಕೈಯಲ್ಲೇ ಬಿಟ್ಟಿದ್ದಳು.

"ನಿಮಗೆ ಶಿಫ್ಟ್ ಇಲ್ಲದ ದಿನ ಎಲ್ಲ."