ಮೂರನೆಯ ಕೂಗು

“ಜಡೇಯಾ…” ಎಂದು ಗೋಡೆಯ ಮೇಲಿನ ದನಿಗನ್ನಡಿ ಕರೆಯಿತು.

“ಓ!” ಎಂದ ಜಡೇಯ, ಒಲೆಗೆ ಸೌದೆ ತಳ್ಳುತ್ತ.

ಅಷ್ಟು ಸಾಕಿತ್ತು. ರಕ್ತ ಕಡಿಮೆಯಾದರೆ ಉಸಿರು ಮೊಟಕಾಗುತ್ತದೆ, ರಕ್ತದೊತ್ತಡ ಏರಿದರೆ ದನಿ ನಮ್ಮ ಕಿವಿಗೆ ತಿಳಿಯದಷ್ಟು ಸಣ್ಣಗೆ ನಡುಗುತ್ತದೆ. ಒಂದು ‘ಓ’ಯಲ್ಲಿ ಇದನ್ನೆಲ್ಲ ಓದಬಲ್ಲ, ತೆಂಗಿನ ಚಿಪ್ಪಿನಷ್ಟು ದೊಡ್ಡ ಯಂತ್ರವನ್ನು ವಿಜ್ಞಾನಿ ಇಂಚರಾ ಮಾಡಿದ್ದಳು. ಹೊನ್ನೆಕೆರೆ ಪೋಡು ಕಾಡಿನ ನಡುವಿನ ಸೋಲಿಗರ ಹಾಡಿ. ಅಲ್ಲಿ ಮನೆಮನೆಗೂ ಒಂದು ದನಿಗನ್ನಡಿ. ದಿನಾ ಸಂಜೆ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿತ್ತು. ದನಿಯಲ್ಲಿ ಏನಾದರೂ ಏರುಪೇರು ಕಂಡರೆ ಕೆಳಗಿನ ಪಟ್ಟಣದಿಂದ ಮದ್ದು ಹೊತ್ತ ಡ್ರೋನ್ ಹಾರಿ ಬರುತ್ತಿತ್ತು. ಎಷ್ಟೋ ಮಕ್ಕಳು ಬದುಕಿದವು, ಸುಳ್ಳಲ್ಲ. ಸರಕಾರವಂತೂ ಹಿರಿಹಿರಿ ಹಿಗ್ಗಿ, ಇನ್ನು ಬೆಟ್ಟ ಹತ್ತಲು ನರ್ಸಮ್ಮ ಯಾಕೆ ಎಂದು ಆ ಹುದ್ದೆಯನ್ನೇ ತೆಗೆದುಹಾಕಿತು.

“ಸಣ್ಣರಂಗೀ…” ಯಂತ್ರ ಈಗ ಜಡೇಯನ ಹೆಂಡತಿಯನ್ನು ಕರೆಯಿತು.

ಏಳು ತಿಂಗಳ ಬಸುರಿ ಅಲ್ಲೇ ಗೋಡೆಗೊರಗಿ ಕೂತಿದ್ದಳು. ಮುಖ, ಪಾದ ಊದಿದ್ದವು. ಅವಳು ತುಟಿ ಬಿಗಿಹಿಡಿದಳು. ಯಂತ್ರ ಇನ್ನೊಮ್ಮೆ ಕರೆದು ಸುಮ್ಮನಾಯಿತು.

ಆ ವಾರವೇ ಸಣ್ಣರಂಗಿ ಸತ್ತಳು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ.

ಸುದ್ದಿ ತಿಳಿದು ಇಂಚರಾ ತಾನೇ ಬೆಟ್ಟ ಹತ್ತಿ ಬಂದಳು. ಜಡೇಯನ ತಾಯಿ ಕೇತಮ್ಮ ಚಾಪೆ ಹಾಸಿದಳು.

“ಸಣ್ಣರಂಗಿ ತವರಿಂದ ಯಾವಾಗ ಬಂದಿದ್ದಳು?” ಎಂದು ಇಂಚರಾ ಕೇಳಿದಳು.

“ಎಲ್ಲಿಗೂ ಹೋಗಿರ್ನಿಲ್ಲ ಕಣವ್ವ. ಅವಳ ತವರು ಅಕಾ, ಆ ಬೇಲಿಯಾಚೆ ಮನೆ.”

“ಮತ್ತೆ, ಕರೆದರೆ ಯಾಕೆ ಓ ಅನ್ನಲಿಲ್ಲ?”

“ಬಸುರಿ ಹೆಂಗ ಅಂದಾಳು? ಮೊಕ ಕಾಣದ ದನಿ ಕೂಗಿದ್ರ ಬಸುರಿ ಓಗೊಡಬಾರ್ದು. ಗಾಳಿಗೀಳಿ ಎರಡೇ ಸಲ ಕೂಗೋದು. ಮೂರ್ನೇ ಸಲ ಕೂಗಿದ್ರ ಅದು ಮನ್ಸರು. ನಿಮ್ಮದು ಎರಡು ಸಲ ಕೂಗಿ ಬುಟ್ಟುಬುಡ್ತಿತ್ತು. ನರ್ಸಮ್ಮ ಆದ್ರ ಬಾಗ್ಲಲ್ಲಿ ನಿಂತು ಕೂಗೋಳು, ಮೊಕ ಕಾಣೋದು. ಮೊದಲ್ನೇ ಕೂಗಿಗೇ ಓ ಅಂತಿದ್ದೊ.”

ಜನಕ್ಕೆ ಕಿರಿಕಿರಿ ಬೇಡವೆಂದು ಎರಡೇ ಕರೆ ಸಾಕು ಎಂದವಳು ಇಂಚರಾಳೇ. ಬಸುರಿ ಓಗೊಡದಿದ್ದರೆ ಹೆರಿಗೆಗೆ ತವರಿಗೆ ಹೋಗಿದ್ದಾಳೆಂದು ತಿಳಿದುಕೋ ಎಂದು ಯಂತ್ರಕ್ಕೆ ಕಲಿಸಿದವಳೂ ಅವಳೇ. ಆಗ ಗೆಳೆಯರೆಲ್ಲ ಅವಳ ಜಾಣತನಕ್ಕೆ ತಲೆದೂಗಿದ್ದರು.

ಜಡೇಯ ಎದ್ದು ದನಿಗನ್ನಡಿಯ ಮುಂದೆ ಹೋಗಿ ನಿಂತ.

“ಅವಳು ತಲೆ ಸಿಡೀತದ ಅಂತ ಅರಚಿ ಸೆಟಕೊಂಡ್ಳು, ಅವ್ವ. ನಾನು ಇದರ ಮುಂದ ನಿಂತು ಕೂಗ್ದೆ. ಗಂಟ್ಲು ಹರಿಯಂಗ ಕೂಗ್ದೆ. ಇದ್ಯಾಕ ಓ ಅನ್ನಲಿಲ್ಲ?”

“ಅದು ತಾನು ಕರೆದಾಗ ಮಾತ್ರ ಕೇಳಿಸಿಕೊಳ್ಳತ್ತೆ, ಜಡೇಯ. ಮನೆಯ ಮಾತನ್ನ ಕದ್ದು ಕೇಳಬಾರದು ಅಂತ… ನಾನೇ ಹಾಗೆ ಮಾಡಿದ್ದು.”

ಅವನು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಂಡತಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತೊಯ್ದದ್ದನ್ನೂ, ಟಾರು ರಸ್ತೆ ಕಾಣುವ ಮೊದಲೇ ಅವಳ ಕೈ ಜೋಲಿಯಿಂದ ಕೆಳಗೆ ಬಿದ್ದದ್ದನ್ನೂ ಮೆಲ್ಲಗೆ ಹೇಳಿದ. ಇಂಚರಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಮುಂದಿನ ತಿಂಗಳು ಅವಳು ಯಂತ್ರವನ್ನು ತಿದ್ದಿ ತಂದಳು. ಈಗ ಅದು ಮೂರು ಸಲ ಕರೆಯುತ್ತಿತ್ತು. ಜನ ಕೂಗಿದರೂ ಕೇಳಿಸಿಕೊಳ್ಳುತ್ತಿತ್ತು. ಪರೀಕ್ಷೆಗೆಂದು ಜಡೇಯ ಅದರ ಮುಂದೆ ನಿಂತು, ಬಸುರಿ ಸೆಟೆದುಕೊಂಡಿದ್ದಾಳೆ ಎಂದು ಒಮ್ಮೆ ಕೂಗಿದ. ಸ್ವಲ್ಪ ಹೊತ್ತಿಗೆ ಡ್ರೋನ್ ಗುಂಯ್‌ಗುಡುತ್ತ ಬಂದು ಅಂಗಳದಲ್ಲಿ ಇಳಿಯಿತು. ಒಳಗೆ ಬಸುರಿಯರ ಸೆಳವು ನಿಲ್ಲಿಸುವ ಮದ್ದಿನ ಸೀಸೆ, ಸೂಜಿ ಎಲ್ಲ ಅಚ್ಚುಕಟ್ಟಾಗಿದ್ದವು.

ಕೇತಮ್ಮ ಸೂಜಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಚುಚ್ಚೋರು ಯಾರವ್ವ?”

ನರ್ಸಮ್ಮನ ಹುದ್ದೆ ಹೋಗಿ ವರ್ಷಗಳಾಗಿದ್ದವು, ಆ ಕೆಲಸ ಕಲಿತವರೂ ಈಗ ಪೋಡಿನಲ್ಲಿ ಯಾರೂ ಇರಲಿಲ್ಲ. ಆಕೆ ಚೀಲ ಹೆಗಲಿಗೇರಿಸಿ ಬೆಟ್ಟ ಹತ್ತುತ್ತಿದ್ದಾಗಲೇ ಸರಕಾರ ಮನಸ್ಸು ಮಾಡಿದ್ದರೆ ಆ ಹುದ್ದೆಯನ್ನು ಉಳಿಸಿಕೊಳ್ಳಬಹುದಿತ್ತು.